ಬೆನ್ನು ಓದುವುದು

ಡಂಡೀ ಊರಿನ ಸೆಣಬಿನ ಗಿರಣಿಯಲ್ಲಿ ಅಮ್ಮ
ತುಟಿ ಓದಲು ಕಲಿತಳು.
ಮಗ್ಗಗಳ ಅಬ್ಬರದಲ್ಲಿ ಕಿವಿ ಇದ್ದೇನು ಫಲ.
ಅವಳ ಮಗಳು ಸೆಂಗಾ, ನಾನು,
ಬೆನ್ನು ಓದುತ್ತೇನೆ.

ಇಪ್ಪತ್ತೆರಡು ವರ್ಷದಿಂದ ಈ ಮೂರನೆಯ ಮಹಡಿ ಒರೆಸುವವಳು.
ಅಕ್ಟೋಬರ್ ಬಂತೆಂದರೆ ಹೊಸ ಬೆನ್ನುಗಳು,
ಚೀಲದ ಭಾರಕ್ಕಿಂತ ತುಸು ಹೆಚ್ಚೇ ಬಾಗಿದವು.
ಬಾಗಿಲ ಮೇಲಿನ ಹೆಸರು ಓದುತ್ತವೆ, ಇನ್ನೊಮ್ಮೆ ಓದುತ್ತವೆ,
ಬಡಿಯಲೆಂದು ಎತ್ತಿದ ಕೈ
ಕೂದಲು ಸರಿಮಾಡಿಕೊಂಡು ಇಳಿಯುತ್ತದೆ.
ಆಮೇಲೆ ಮೆಟ್ಟಿಲು.

ಟೊರ್ಕಿಲ್ ಮೂರು ಮಂಗಳವಾರ ಬಂದ,
ಲೂಯಿಸ್ ದ್ವೀಪದ ಮೀನುಗಾರರ ಪೈಕಿ.
ಮಡಚಿ ಮಡಚಿ ಬಟ್ಟೆಯಷ್ಟು ಮೆತ್ತಗಾದ ಪ್ರಬಂಧ ಕೈಯಲ್ಲಿ,
ಅದರ ನೆತ್ತಿಯ ಮೇಲೆ ನಲವತ್ತೊಂದು.

‘ಒಳಗೇ ಇದ್ದಾರೆ, ಬಡಿಯಪ್ಪ’ ಅಂದೆ.
‘ಇದು ಅವರ ಕಚೇರಿ ಸಮಯ’ ಅಂದ, ಚೀಟಿ ತೋರಿಸುತ್ತ,
‘ಕೆಲಸದಲ್ಲಿರುತ್ತಾರೆ. ತೊಂದರೆ ಕೊಡಬಾರದಲ್ಲ.’

ನಗು ಬಂತು, ನುಂಗಿದೆ.
ಆ ಮಾತಿಗೆ ಅವನು ಕಟ್ಟಿದ ಅರ್ಥದಲ್ಲಿ ತಪ್ಪೇನಿತ್ತು?
ಇಲ್ಲೇ ಹುಟ್ಟಿ ಬೆಳೆದವರ ಹಾಗೆ ಮಾತಾಡುತ್ತಾರೆ ಇಲ್ಲಿ,
ಅರ್ಥ ಬರೆದು ಯಾವ ಗೋಡೆಗೂ ಅಂಟಿಸಿಲ್ಲ.

ಬಕೆಟ್ಟು ಬೋರಲು ಹಾಕಿ ಕೂರಿಸಿದೆ,
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ.
‘ಆ ಒಂದು ಗಂಟೆ ನಿನ್ನದು ಕಣಪ್ಪ.
ಸಂಬಳ ಕೊಟ್ಟು ಆಕೆಯನ್ನು ಕೂರಿಸಿರುವುದೇ ನಿನಗೋಸ್ಕರ.
ಯಾರೂ ಬಾರದೆ, ಹೊತ್ತು ಹೋಗದೆ,
ಕುಂಡದ ಗಿಡಕ್ಕೆ ನೀರು ಹಾಕಿ ಹಾಕಿ ಕೊಳೆಸಿಬಿಟ್ಟರು.
ಕಸಕ್ಕೆ ಎಸೆದವಳು ನಾನೇ.’

‘ಹೋಗಿ ಏನು ಕೇಳಲಿ?’
‘ಎಲ್ಲಿಂದ ತಿಳಿಯಲಿಲ್ಲವೋ ಅಲ್ಲಿ ಬೆರಳಿಡು.’
‘ಬಲೆ ಹರಿದಲ್ಲಿ ಇಟ್ಟ ಹಾಗೆ?’
‘ಬಲೆಯ ಸಂಗತಿ ನನಗೇನು ಗೊತ್ತು. ಇರಬಹುದು.’

ಎದ್ದ. ಬಡಿದ.
ಚಿಟ್ಟೆಗೂ ಕೇಳಿಸದಷ್ಟು ಮೆಲ್ಲಗೆ.
ಒರೆಸುಕೋಲಿನ ಹಿಡಿ ಹೇಗೋ ನನ್ನ ಕೈಜಾರಿ
ಧಡ್ ಎಂದು ಬಾಗಿಲಿಗೆ ಬಿತ್ತು.
‘ಬನ್ನಿ, ಬನ್ನಿ’ ಒಳಗಿನಿಂದ.
ಅವನು ತಿರುಗಿ ನೋಡುವಷ್ಟರಲ್ಲಿ
ನಾನು ಆ ಕೊನೆಯಲ್ಲಿ, ಕಿಟಕಿ ಉಜ್ಜುತ್ತ,
ಟೇ ನದಿಯ ಮೇಲಿನ ರೈಲು ಎಣಿಸುತ್ತ.

ನಲವತ್ತು ನಿಮಿಷ.
ಹೊರಬಂದಾಗ ಬೆನ್ನು ಓದಲಾಗಲಿಲ್ಲ,
ಮುಖ ನನ್ನ ಕಡೆಗಿತ್ತು.
‘ಪೂರ್ತಿ ಮತ್ತೆ ಬರೆಯಬೇಕಂತೆ’ ಅಂದ,
ಯಾರೋ ಊಟಕ್ಕೆ ಕರೆದರೆಂಬಂತೆ.

ಆ ಕೋಣೆಯ ಬೀಗದ ಕೈ ನನ್ನ ಬಳಿಯೂ ಇದೆ.
ಬೆಳಗಿನ ಆರಕ್ಕೆ ಹೋಗುತ್ತೇನೆ, ಆಕೆ ಇಲ್ಲದ ಹೊತ್ತು.
ಹಲಗೆಯ ಮೇಲಿನದೆಲ್ಲ ನಿಂತು ಓದುತ್ತೇನೆ.
ತಿಳಿದದ್ದನ್ನು ಒರೆಸುತ್ತೇನೆ.
ತಿಳಿಯದ್ದನ್ನು ಹಾಗೇ ಬಿಟ್ಟು ಬರುತ್ತೇನೆ,
ಹಲಗೆ ಸರಿಯಾಗಿ ಒರೆಸುವುದಿಲ್ಲ ಎಂದು
ಎರಡು ಸಲ ದೂರು ಬಂದಿದೆ.