ಮಡಿಚಿದ ಬೆರಳು

ರಿಂಗಿನಲ್ಲಿ ಮಾತು
ಮೊಣಕಾಲೆತ್ತರ ಏಳುವುದರೊಳಗೆ ತುಳಿದುಹೋಗುತ್ತಿತ್ತು.
ಅದಕ್ಕೇ ಕೈ.
ಅಂಗೈ ಎದೆಯ ಕಡೆಗಿದ್ದರೆ ಕೊಂಡೆ,
ಹೊರಗೆ ಹೊರಳಿದರೆ ಕೊಟ್ಟೆ.
ಕೊಂಡದ್ದು ಏನನ್ನು ಎಂಬುದಕ್ಕೆ ಮೈಯೆಲ್ಲ ಪಾಟಿ:
ಕಾಲರು ಮುಟ್ಟಿದರೆ ಬಟ್ಟೆಗಿರಣಿ,
ನೆತ್ತಿ ತಟ್ಟಿದರೆ ಸಿಮೆಂಟು,
ಮೂಗು ಹಿಂಡಿದರೆ ಗೊಬ್ಬರದ ಕಂಪನಿ.

ಎಲ್ಲಿಂದ ಬಂತು ಇದೆಲ್ಲ?
ಹೋಶಂಗ್ ಹೇಳುತ್ತಿದ್ದ:
ಕಾಲ್ಬಾದೇವಿಯ ಹತ್ತಿ ದಲ್ಲಾಳಿಗಳು
ವಲ್ಲಿಯಡಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರಂತೆ.
ಒಂದು ದಿನ ವಲ್ಲಿ ಹರಿಯಿತು,
ಬೆರಳು ಹೊರಗೆ ಬಿತ್ತು. ಅಷ್ಟೇ.

ನನಗೆ ಗೊತ್ತಿರುವುದು ಒಂದೇ ಸನ್ನೆಯ ಹುಟ್ಟು.
ಹದಿನಾಲ್ಕರ ನಾನು, ಹಗಲು ಕ್ಯಾಂಟೀನಿನ ಕಿಟಲಿ,
ರಾತ್ರಿ ಕೋಟೆಯ ಕನ್ನಡ ಶಾಲೆಯಲ್ಲಿ ತೂಕಡಿಕೆ.
ಕಟಕಟೆಯಾಚೆಯ ಶೀನಣ್ಣನಿಗೆ
ಮೂರು ಬೆರಳೆತ್ತಿ ನಡುಗೆಣ್ಣಿಗೆ ಮಡಿಚಿದೆ:
ಮೂರು ಕಟಿಂಗ್, ಅರ್ಧರ್ಧ ಗ್ಲಾಸು.
ಎಡಗೈ ಕಾಲರಿನ ಬೆವರು ಒರೆಸುತ್ತಿತ್ತು.
ನಡುವೆ ನಿಂತ ಕೀಕಾಭಾಯಿ ನನ್ನನ್ನು ಓದಿ
ಗಿರಣಿಯ ಶೇರು ನೂರೈವತ್ತು ಬರೆದುಕೊಂಡ,
ಮುನ್ನೂರರ ಅರ್ಧ.

ಸಂಜೆ ಕಿವಿ ಹಿಂಡಿದ.
ಮರುದಿನ ಭಾವ ಎರಡು ರೂಪಾಯಿ ಏರಿತು, ಕಿವಿ ಬಿಟ್ಟ.
ವಾರದೊಳಗೆ ಇಡೀ ರಿಂಗು
ಅರ್ಧ ಲಾಟಿಗೆ ಬೆರಳು ಮಡಿಚಿ
‘ಕಟಿಂಗ್ ಲಿಯಾ’ ಎಂದು ಕಿರುಚುತ್ತಿತ್ತು.
ಮುಂದಿನ ವರ್ಷ ಹೊಸ ಗುಮಾಸ್ತನೊಬ್ಬ
ನನಗೇ ಪಾಠ ಹೇಳಿದ, ಇದು ಲಂಡನ್ನಿನದು ಕಣೋ ಅಂತ.
ಹೌದಾ ಎಂದು ಚಹಾ ಸುರಿದೆ.

ಆಮೇಲೆ ಪರದೆಗಳು ಬಂದವು.
ಕೈಗಳೆಲ್ಲ ಕೀಲಿಮಣೆಗೆ ಇಳಿದವು.
ದಲಾಲ್ ಬೀದಿಯಲ್ಲಿ ಮೊದಲ ಬಾರಿ
ಕಾಗೆ ಕೂಗಿದ್ದು ಕೇಳಿಸಿತು.

ಮೊನ್ನೆ ಗಿರ್ಗಾಂವಿನ ಆಸ್ಪತ್ರೆಯಲ್ಲಿ
ಕೀಕಾಭಾಯಿಯ ಬಲಮೈ ಮಲಗಿತ್ತು, ನಾಲಿಗೆಯೂ.
ಎಡಗೈಯ ಒಂದು ಬೆರಳು ಮಾತ್ರ
ಏಳುತ್ತದೆ, ನಡುಗೆಣ್ಣಿಗೆ ಮಡಿಚಿಕೊಳ್ಳುತ್ತದೆ, ಮತ್ತೆ ಏಳುತ್ತದೆ.
ನರ್ಸು ‘ಸೆಳೆತ’ ಎಂದು ಬರೆದಿದ್ದಾಳೆ.
ಚಂಪಾಬೆನ್ ಕೇಳಿದಳು:
ನಾಲ್ಕು ದಿನದಿಂದ ಹೀಗೇ, ಯಾರನ್ನು ಕರೆಯುತ್ತಿದ್ದಾರೆ ನೋಡು.

ಕೆಳಗಿಳಿದು ಬೀದಿಯಂಗಡಿಯಿಂದ ತಂದೆ.
ಗ್ಲಾಸು ನೋಡಿ ಹುಬ್ಬಿನಲ್ಲೇ ಕೇಳಿದ: ಭಾವ?
ಐದು, ಐದು, ಐದು ಎಂದು ತೋರಿಸಿದೆ.
ಅವನ ಅಂಗೈ ಗಾಳಿಯಲ್ಲಿ ತಟ್ಟನೆ ಹೊರಳಿತು: ಐದು, ಐದು.
ನಾನು ಒಂದು ಬೆರಳು ಇಳಿದೆ.
ಅವನು ಇಳಿಯಲಿಲ್ಲ.
ಚಹಾಕ್ಕೆ ಕೆನೆ ಕಟ್ಟುತ್ತಿತ್ತು.
ಸೌದೆ ಇನ್ನೂ ಮುರಿದಿರಲಿಲ್ಲ.