ಒಳ ಅಂಚು

ಅಡೆನಾವ್ ಊರಿನ ಗ್ಯಾರೇಜಿನಲ್ಲಿ
ವಿಲ್ಟ್ರುಡ್ ಟೈರಿನ ಹಿಂದಕ್ಕೆ ಕೈ ತೂರಿಸಿ
ಥಟ್ಟನೆ ಬೆರಳು ಎಳೆದುಕೊಂಡಳು: ತಂತಿ ಚುಚ್ಚಿತ್ತು.

"ಹೊಸದೇ ಅಲ್ಲವೇ?" ಎಂದ ಗಿಸ್ಬರ್ಟ್,
ನಿಂತಲ್ಲಿಂದಲೇ. ನಿಜ,
ಹೊರಮೈಯಲ್ಲಿ ಅಚ್ಚಿನ ರಬ್ಬರ್ ಕೂದಲು
ಇನ್ನೂ ಉದುರಿಲ್ಲ.

ತಿರುವಿಗೆಂದು ಚಕ್ರದ ತಲೆ ಒಳಕ್ಕೆ ವಾಲಿಸಿದ್ದಾರೆ,
ಅದು ತಪ್ಪಲ್ಲ, ಅಂದಳು.
ಒಂದೇ ನೊಗದ ಜೋಡಿ
ಎಳ್ಳಷ್ಟು ಬೇರೆ ಬೇರೆ ಕಡೆ ನೋಡುತ್ತಿದೆ.
ನೇರ ಹೋಗುವಾಗಲೇ ಸವೆಯುವುದು.

ಲೇಸರ್ ಆರಿಸಿ, ಅಪ್ಪನ ಗಾಳದ ದಾರ
ಹಿಂದಿನಿಂದ ಮುಂದಕ್ಕೆ ಬಿಗಿದಳು.
ಅರ್ಧ ಸುತ್ತು. ಇನ್ನೊಂದು ಕಾಲು.

ಗಿಸ್ಬರ್ಟ್ ಮೊಣಕಾಲೂರಿ
ಕೊಂಡ ಮೂರು ವರ್ಷಕ್ಕೆ ಮೊದಲ ಸಲ
ಕಾರಿನ ಕೆಳಗೆ ನೋಡಿದ.
ನಿನ್ನೆ, ಒದ್ದೆ ರಸ್ತೆ, ನೂರೆಂಬತ್ತರ ವೇಗ,
ಪಕ್ಕದಲ್ಲಿ ಮಗಳು ನಿದ್ದೆಹೋಗಿದ್ದು
ಹೇಳಲಿಲ್ಲ.