ಹನ್ನೊಂದನೆಯ ಪೆಟ್ಟಿಗೆ

ಕೋಡಿಬಾಗದಿಂದ ಕಾಜುಬಾಗದ ದಾಖಲೆಕೋಣೆಗೆ
ಒಂದು ಟೆಂಪೋದಲ್ಲಿ ಬಂದವು
ಪ್ರೊಫೆಸರ್ ಕುಮುದಿನಿ ಮಾಳ್ಸೇಕರರ ಹದಿನಾಲ್ಕು ಪೆಟ್ಟಿಗೆ.
ಮೀನಿನ ಬುಟ್ಟಿ ಹೊರುವವರೇ ಹೊತ್ತು ಇಳಿಸಿದರು,
ಹತ್ತು ರೂಪಾಯಿ ಹೆಚ್ಚು ಕೇಳಿದರು:
‘ಕಾಗದ ಬಂಗಡೆಗಿಂತ ಭಾರ, ಬಾಯಿ.’

ನನ್ನ ಕೆಲಸ ಪಟ್ಟಿ ಮಾಡುವುದು. ಆರು ತಿಂಗಳ ಗುತ್ತಿಗೆ.
ಪಿನ್ನು ಕೀಳು, ತುಕ್ಕು ಕೊಡವು, ಪೆನ್ಸಿಲಿನಲ್ಲೇ ಬರೆ,
ಶಾಯಿ ಈ ಕೋಣೆಯೊಳಗೆ ಬರಕೂಡದು.
ಕಾಲಂ ಐದು: ಕ್ರಮಸಂಖ್ಯೆ, ವರ್ಷ, ವಿವರ, ಕರ್ತೃ, ಷರಾ.

ಮೊದಲ ಪೆಟ್ಟಿಗೆಗಳು ಸಲೀಸು.
ಹಾಜರಿ ಪುಸ್ತಕ, ಅಭ್ಯಾಸ ಮಂಡಳಿಯ ನಡಾವಳಿ,
ಧಾರವಾಡಕ್ಕೆ ಹೋಗಿಬಂದ ಭತ್ಯೆಯ ಬಿಲ್ಲು
(ಅರಬೈಲ್ ಘಟ್ಟದಲ್ಲಿ ಬಸ್ಸು ಕೆಟ್ಟದ್ದಕ್ಕೆ
ಒಂದು ರಾತ್ರಿಯ ವಸತಿ: ನಾಮಂಜೂರು),
ಮೈಕ್ರೋಸ್ಕೋಪ್ ಬೇಕೆಂದು ಏಳು ವರ್ಷ ಬರೆದ ಏಳು ಅರ್ಜಿ,
ವರ್ಷದಿಂದ ವರ್ಷಕ್ಕೆ ‘ಸವಿನಯ’ದ ಅಕ್ಷರ ಸಣ್ಣದಾಗುತ್ತ
ಏಳನೆಯದರಲ್ಲಿ ಅದು ಇಲ್ಲವೇ ಇಲ್ಲ.

ಒಂದು ಕಿರಾಣಿ ಚೀಟಿ. ಒಂದು ರವಿಕೆಯ ಅಳತೆ.
ಬರೆದು, ಅಂಟಿಸಿ, ಕಳಿಸದೆ ಉಳಿದ ಒಂದು ಇನ್‌ಲ್ಯಾಂಡ್ ಪತ್ರ.
ನಾನು ಬಿಡಿಸಲಿಲ್ಲ.
ಷರಾ: ಮುಚ್ಚಿದೆ.

ಹನ್ನೊಂದನೆಯದರಲ್ಲಿ ಕಾಳಿ ನದಿಯ ಅಳಿವೆ.
ಅಲ್ಲಿಯ ಕಪ್ಪೆಚಿಪ್ಪುಗಳ ಮೇಲೊಂದು ಪ್ರಬಂಧ, ಮೂರು ಕರಡು.
ಮೊದಲನೆಯದರ ನೆತ್ತಿಯ ಮೇಲೆ ಎರಡು ಹೆಸರು:
ಕುಮುದಿನಿ ಮಾಳ್ಸೇಕರ, ಪುರ್ಸೊ ತಾಂಡೇಲ.
ಎರಡನೆಯದರಲ್ಲಿ ಪುರ್ಸೊ ಕಡೆಯ ಪುಟಕ್ಕೆ ಇಳಿದಿದ್ದಾನೆ,
ನೆರವಿಗೆ ಕೃತಜ್ಞತೆ ಹೇಳುವ ಸಾಲಿಗೆ.
ಮೂರನೆಯದರಲ್ಲಿ ಆ ಸಾಲಿನ ಮೇಲೆ ಕೆಂಪು ಗೀಟು,
ಅಂಚಿನಲ್ಲಿ ಯಾರೋ ಹಿರಿಯರ ಮುತ್ತಿನಂಥ ಅಕ್ಷರ:
‘ಪ್ಯೂನರನ್ನು ಸ್ಮರಿಸುವ ರೂಢಿ ನಮ್ಮಲ್ಲಿಲ್ಲ.’
ಅಚ್ಚಾದ ಪ್ರತಿಯಲ್ಲಿ ಗೀಟೂ ಇಲ್ಲ.

ಇವರು ಜಗಳವಾಡಿದರೇ? ಕಾಗದ ಹೇಳುವುದಿಲ್ಲ.
ಕಾಗದ ಹೇಳುವುದಿಷ್ಟು: ಅದೇ ವರ್ಷ ರೀಡರ್ ಆದರು.

ಅದರಡಿಗೆ ಇಪ್ಪತ್ತೆರಡು ನೋಟುಬುಕ್ಕು,
ಉಪ್ಪು ಹಿಡಿದು ಹಪ್ಪಳದ ಹಾಗೆ ಸೆಟೆದಿವೆ.
‘ಅಷ್ಟಮಿ. ನೀರು ಸತ್ತಿದೆ ಅಂತಾನೆ ಪುರ್ಸೊ.’
‘ಹುಣ್ಣಿಮೆ ಕಳೆದು ಮೂರು ದಿನ. ಮಂಡಿಮಟ್ಟ ಕೆಸರು.
ಜಾರಿ ಬಿದ್ದೆ. ಪುರ್ಸೊ ನಗಲಿಲ್ಲ, ಆ ಕಡೆ ತಿರುಗಿ ನಿಂತ.’
‘ನಾನು ಒಂದೇ ಜಾತಿ ಅಂದದ್ದನ್ನು ಅವನು ಎರಡು ಅಂತಾನೆ:
ಒಂದು ಬೆಂದ ಕೂಡಲೇ ಬಾಯಿ ಬಿಡುತ್ತದೆ,
ಇನ್ನೊಂದು ಸತಾಯಿಸುತ್ತದೆ. ಹೆಂಡತಿಯನ್ನು ಕೇಳಿ ಅಂದ.
ಲೆನ್ಸಿಟ್ಟು ನೋಡಿದೆ. ಎರಡೇ.’
‘ಎರಡೇ’ ಕೆಳಗೆ ಎರಡು ಗೆರೆ.

ಆಮೇಲೆ ಒಂದು ಶ್ರಾವಣ. ‘ಪುರ್ಸೊ ಬರಲಿಲ್ಲ.’
ಮರುದಿನ: ‘ಪುರ್ಸೊ ಬರಲಿಲ್ಲ.’
ಹದಿನೇಳು ದಿನ ಇದೊಂದೇ ಸಾಲು.
ಹದಿನೆಂಟನೆಯ ದಿನದಿಂದ
ಉಬ್ಬರ ಇಳಿತದ ಅಂಕಿ, ಬರಿಯ ಅಂಕಿ,
ನಿವೃತ್ತಿಯ ತನಕ.

ತಳದಲ್ಲಿ ಹುಲ್ಲು, ಹುಲ್ಲಿನಲ್ಲೊಂದು ಬಾಟಲಿ.
ಫಾರ್ಮಾಲಿನ್ ಅರ್ಧ ಆರಿದೆ, ಮೂಗಿಗೆ ಬಡಿಯುತ್ತದೆ.
ಹೊರಗೆ ಅಂಟಿಸಿದ ಶಾಸ್ತ್ರೀಯ ಹೆಸರು
ಒದ್ದೆಗೆ ಕದಡಿ ನೀಲಿ ಮೋಡವಾಗಿದೆ.
ಒಳಗೆ, ಚಿಪ್ಪುಗಳ ನಡುವೆ, ನೀರಲ್ಲೇ ಮುಳುಗಿದ ಚೀಟಿ,
ಪೆನ್ಸಿಲಿನಲ್ಲಿ, ಆಗಷ್ಟೇ ಅಕ್ಷರ ಕಲಿತವನ ಓರೆ ಕೈ:
‘ಖುಬ್ಬೆ. ಕೋಡಿಬಾಗ. ಪುರ್ಸೊ.’

ಮೇಲಿನವರ ಸೂಚನೆಯಿದೆ:
ಅನುಮಾನ ಬಂದರೆ ಅಚ್ಚಾದ ಪ್ರತಿಯಂತೆ ತುಂಬಿ.
ಬೈತಖೋಲದಲ್ಲಿ ಬೋಟುಗಳು ಮರಳುವ ಹೊತ್ತು,
ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು.
ಪೆನ್ಸಿಲು ಹೆರೆದೆ.
ನಾಲ್ಕನೆಯ ಕಾಲಂ ಇಕ್ಕಟ್ಟು, ಎರಡು ಹೆಸರು ಹಿಡಿಯುವುದಿಲ್ಲ.
ಒಂದನ್ನು ಅಡ್ಡಕ್ಕೆ ಬರೆದೆ,
ಇನ್ನೊಂದನ್ನು ಹಾಳೆ ತಿರುಗಿಸಿ, ಅಂಚಿನುದ್ದಕ್ಕೆ.

ಷರಾ: ಬಾಟಲಿ ಸೋರುತ್ತಿದೆ.
ಒಳಗಿನ ಚೀಟಿ ಓದಲು ಬರುತ್ತದೆ.